ಆಚಾರಿಯ ಕರೆಂಟ್ ಕೋಟು

ನಾಗಮಂಗಲದ ಕೃಷ್ಣಮೂರ್ತಿ ಆಚಾರಿಗೆ ಚಳಿಯೆಂದರೆ ಹಳೇ ಹಗೆ. ಅಕ್ಕಸಾಲಿಯ ಬದುಕೆಲ್ಲ ಇರುವುದು ಹತ್ತು ಬೆರಳಿನಲ್ಲಿ. ಆ ಬೆರಳನ್ನೇ ಚಳಿ ಕಚ್ಚಿ ಹಿಡಿದರೆ ಮಿಕ್ಕ ಮೈ ಇದ್ದೇನು, ಬಿಟ್ಟೇನು? ಅಂಗಡಿಯಲ್ಲಿ ಕೂತಿದ್ದಷ್ಟು ಹೊತ್ತು ಕೆಂಡದ ಕುಂಪಟೆ ಅವನನ್ನು ಕಾಪಾಡುತ್ತಿತ್ತು. ಹಳೇ ಯೆಜ್ಡಿ ಬೈಕು ಹತ್ತಿ ಹಳ್ಳಿಯ ದಾರಿ ಹಿಡಿದಾಗಲೇ ತೊಂದರೆ.

ಎರಡು ವರ್ಷದ ಹಿಂದಿನ ಮಾತು. ಮಾಘ ಮಾಸದ ಒಂದು ಬೆಳಗ್ಗೆ ಬಿಂಡಿಗನವಿಲೆಯ ಚಿಕ್ಕಬೋರಮ್ಮನ ಮೊಮ್ಮಗಳು ಹೇಮಶ್ರೀಗೆ ಕಿವಿ ಚುಚ್ಚಲು ಹೋಗಿದ್ದ. ಬೈಕಿನಿಂದ ಇಳಿದಾಗ ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮುಹೂರ್ತ ಮೀರುತ್ತದೆಂದು ಅವಸರದಲ್ಲಿ ಚುಚ್ಚಿದ. ಎಡಗಿವಿ ಸರಿಯಾಯಿತು, ಬಲಗಿವಿಯ ತೂತು ಗೋಧಿಕಾಳಿನಷ್ಟು ಕೆಳಕ್ಕೆ ಜಾರಿತು. ಅಂದಿನಿಂದ ಆ ಮಗುವಿಗೆ ವಾಲೆ ಹಾಕಿದರೆ ಒಂದು ಮೇಲೆ, ಒಂದು ಕೆಳಗೆ. "ಏನ್ ಆಚಾರಿ, ಕುಡ್ದು ಬಂದಿದ್ದಾ?" ಎಂದು ಚಿಕ್ಕಬೋರಮ್ಮ ನೆಂಟರಿಷ್ಟರ ಎದುರಿಗೇ ಕೇಳಿಬಿಟ್ಟಳು. ಜನ್ಮದಲ್ಲಿ ಹೆಂಡ ಮುಟ್ಟದವನು ತಲೆ ತಗ್ಗಿಸಿ ನಿಂತ. ಕೈ ನಡುಗಿದ್ದು ನಿಜವಲ್ಲವೇ, ಏನೆಂದು ವಾದಿಸುವುದು?

ಈಗ ಅದೇ ಮನೆಯಲ್ಲಿ ಎರಡನೆಯ ಹೆಣ್ಣುಮಗು, ಚಿನ್ನು. ಸಂತೆಗೆ ಬಂದ ಚಿಕ್ಕಬೋರಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಹೇಳಿದಳು. "ನನ್ ಕಿವಿ ಚುಚ್ಚಿದ್ದು ನಿಮ್ ತಾತ. ಆ ಮುಲಾಜಿಗೆ ಕರೀತಾ ಇವ್ನಿ. ಮುಂದ್ಲ ಶುಕ್ರವಾರ ಏಳೂವರೆಯಿಂದ ಎಂಟ್ಗಂಟೆ ತಂಕ ಮುಹೂರ್ತ. ಇದೂ ಸೊಟ್ಟಗಾಯ್ತೋ, ಇನ್ಮೇಲೆ ಮೈಸೂರ್ಗೇ ಹೋಯ್ತೀವಿ. ಅಲ್ಲಿ ಗನ್ನಲ್ಲಿ ಚುಚ್ತಾರಂತೆ, ಟಕ್ ಅಂತ."

ಗನ್ನು! ಆ ಮಾತು ಆಚಾರಿಯ ಎದೆಗೇ ಬಂದು ನಾಟಿತು. ಮೂರು ತಲೆಮಾರಿನಿಂದ ಆ ಮನೆಯ ಕಿವಿ ಮೂಗಿಗೆಲ್ಲ ಇವನ ಮನೆಯ ಚಿನ್ನದ ತಂತಿಯೇ. ಚಿಕ್ಕಬೋರಮ್ಮ ಕೈಬಿಟ್ಟರೆ ಬಿಂಡಿಗನವಿಲೆಯೇ ಕೈಬಿಟ್ಟಂತೆ. ಚುಚ್ಚಿದ್ದಕ್ಕೆ ಕೊಡುವ ಎಲೆ ಅಡಿಕೆ, ಅಕ್ಕಿ ಬೆಲ್ಲ ಹೋದರೆ ಹೋಗಲಿ. ತಾತ ಗಳಿಸಿದ ಹೆಸರು ತನ್ನ ಕೈಯಲ್ಲಿ ಹೋಗುವುದನ್ನು ಅವನು ಸಹಿಸಲಾರ.

ಹಿಂದಿನ ದಿನವೇ ಹೋಗಿ ಉಳಿಯೋಣವೆಂದರೆ ಅದಕ್ಕೂ ದಾರಿಯಿಲ್ಲ. ಅಂದಿನ ಬೆಳಗ್ಗೆಯೇ ಮನೆಯಲ್ಲಿ ಮಿಂದು, ಕಾಳಮ್ಮನ ಮುಂದಿಟ್ಟು ಪೂಜಿಸಿದ ತಂತಿಯನ್ನು ಹಿಡಿದು ಹೊರಡುವುದು ಅವರ ಮನೆತನದ ಪದ್ಧತಿ. ಮೊದಲ ಬಸ್ಸು ಬಿಂಡಿಗನವಿಲೆ ಮುಟ್ಟುವಷ್ಟರಲ್ಲಿ ಮುಹೂರ್ತ ಮುಗಿದಿರುತ್ತದೆ. ಬೈಕೇ ಗತಿ, ಚಳಿಯೇ ಜೊತೆ.

ಹೆಂಡತಿ ಮೂಗಮ್ಮ ತನಗೆ ತಿಳಿದ ಉಪಾಯವನ್ನೆಲ್ಲ ಅವನ ಮೈಮೇಲೆ ಹೇರಿ ನೋಡಿದಳು. ಕಂಬಳಿ ಹೊದಿಸಿದಳು, ಬೈಕು ಓಡುತ್ತಿದ್ದಂತೆ ಅದು ಹಾರಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಳ್ಳುವುದರಲ್ಲಿತ್ತು. ಅಂಗಿಯೊಳಗೆ ಪೇಪರು ತುರುಕಿದಳು. ಉಣ್ಣೆಯ ಕೈಗವಸು ಹೆಣೆದು ಕೊಟ್ಟಳು. ಕೆರೆ ಏರಿಯವರೆಗೆ ಹೋಗಿ ಬಂದು ಕೈಗವಸು ಕಳಚಿ ನೋಡಿದರೆ ಬೆರಳು ಅದೇ ಕೊರಡು.

"ಕೈಗ್ ಎಷ್ಟು ಸುತ್ಕೊಂಡ್ರೂ ಅಷ್ಟೆ ಕಣ್ಲಾ," ಎಂದ ಪುಟ್ಟಸ್ವಾಮಿ. ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದ ಅವನು ಆಚಾರಿಯ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. "ಎದೆ ತಣ್ಣಗಾದ್ರೆ ಮೈಯಿ ಬಿಸಿ ರಕ್ತಾನೆಲ್ಲ ಒಳಕ್ಕೇ ಎಳ್ಕತದೆ, ಕೈನ ಕೈಬುಡ್ತದೆ. ಮದ್ಲು ಎದೆ ಬೆಚ್ಚಗಿಡ್ಬೇಕು. ಫಾರಿನ್ನಲ್ಲಿ ಕೋಟೊಳಗೇ ತಂತಿ ಹೊಲ್ದು ಬೈಕಿನ್ ಬ್ಯಾಟ್ರಿಗೆ ಸಿಗಾಕ್ತಾರಂತೆ. ಒಂದ್ ಪುಸ್ತಕದಲ್ಲಿ ಚಿತ್ರ ನೋಡಿವ್ನಿ. ನಾವೂ ಮಾಡನ."

ತಂತಿ ಎಂದ ಕೂಡಲೇ ಆಚಾರಿಯ ಕಿವಿ ನೆಟ್ಟಗಾಯಿತು. ತಂತಿ ಎಳೆಯುವುದರಲ್ಲಿ ಅವನಿಗೆ ಇನ್ನೊಬ್ಬ ಹೇಳಿಕೊಡಬೇಕೆ? ಪುಟ್ಟಸ್ವಾಮಿಗೆ ತಿಳಿಸದೆ ಮನೆಗೆ ಬಂದವನೇ ಬೆಳ್ಳಿ ಕರಗಿಸಿ, ಅಚ್ಚಿನ ತೂತಿನಲ್ಲಿ ಒಂದೊಂದೇ ಅಳತೆ ಇಳಿಸುತ್ತ ಕೂದಲಿನಂಥ ತಂತಿ ಎಳೆದ. ಒಳ್ಳೆಯ ಲೋಹ ಒಳ್ಳೆಯ ಶಾಖ ಕೊಡುತ್ತದೆಂಬುದು ಅವನ ಲೆಕ್ಕ. ಒಂದು ಮಧ್ಯಾಹ್ನವೆಲ್ಲ ಕೂತು ಕೋಟಿನ ಅಸ್ತರಿಗೆ ಅದನ್ನು ಹೊಲಿದ. ಬಳ್ಳಿ ಬಿಡಿಸಿದಂತೆ ಹೊಲಿದ, ನೋಡಿದರೆ ದೇವರಿಗೆ ತೊಡಿಸಬೇಕು ಅನ್ನುವಂತಿತ್ತು. ಬ್ಯಾಟರಿಗೆ ಸಿಕ್ಕಿಸಿದ್ದೇ ತಡ, ಟಪ್ಪೆಂದು ಫ್ಯೂಸು ಹೋಯಿತು. ಇನ್ನೊಂದು ಫ್ಯೂಸು ಹಾಕಿದ, ಅದೂ ಹೋಯಿತು.

ಪುಟ್ಟಸ್ವಾಮಿ ಬಿದ್ದು ಬಿದ್ದು ನಕ್ಕ. "ಲೇ ಕೃಷ್ಣಾ, ಬೆಳ್ಳಿ ಧಾರಾಳಿ ಕಣ್ಲಾ. ಬಂದ ಕರೆಂಟ್ನೆಲ್ಲ ತಡೀದೆ ಮುಂದಕ್ ಬುಟ್ಬುಡ್ತದೆ. ತಡ್ಯೋ ತಂತೀನೇ ಬಿಸಿ ಆಗೋದು. ಅದ್ಕೆ ಜಿಪುಣನ ಜಾತಿ ತಂತಿ ಬೇಕು," ಎಂದು ಇಸ್ತ್ರಿಪೆಟ್ಟಿಗೆಗೆ ಹಾಕುವ ಕಾಯಿಲ್ ತಂತಿಯ ಸುರುಳಿ ತೆಗೆದ.

ಆ ಬೂದು ಬಣ್ಣದ ಕಡುಬಡವ ತಂತಿಯನ್ನು ನೋಡಿ ಆಚಾರಿಯ ಮುಖ ಹುಳ್ಳಗಾಯಿತು. ಆದರೂ ಶುಕ್ರವಾರ ಹತ್ತಿರ ಬರುತ್ತಿತ್ತಲ್ಲ, ಬಿಗುಮಾನ ನುಂಗಿಕೊಂಡ. ತಂತಿಗೆ ಮೋಟರಿನ ಒಳಗೆ ಹಾಕುವ ಬೆಂಕಿ ತಡೆಯುವ ಕೊಳವೆ ತೊಡಿಸಿದರು. ಎದೆಗೂ ಬೆನ್ನಿಗೂ ಸುತ್ತು ಹಾಯಿಸಿ, ಆರಿಸಿ ಹೊತ್ತಿಸಲು ಒಂದು ಸ್ವಿಚ್ಚು ಇಟ್ಟರು. ಪುಟ್ಟಸ್ವಾಮಿ ಕಟ್ಟಪ್ಪಣೆಯನ್ನೂ ಮಾಡಿದ: ಒಳಗೆ ದಪ್ಪ ಬನಿಯನ್ನು ಇರಲೇಬೇಕು, ಬರಿಮೈಗೆ ಹಾಕಿದರೆ ಬೊಬ್ಬೆ ಏಳುತ್ತದೆ, ಕೋಟು ಮೈಗೆ ಒತ್ತಿಕೊಂಡಿರಬೇಕು, ಗಾಳಿ ನುಗ್ಗದ ಹಾಗೆ ಮೇಲೊಂದು ರೆಕ್ಸಿನ್ ಜಾಕೆಟ್ಟು ಬೇಕು, ಬಿಸಿ ಹೆಚ್ಚಾದರೆ ಸ್ವಿಚ್ಚು ಆರಿಸಬೇಕು.

"ಇನ್ನೊಂದ್ ಮಾತು. ನಿನ್ ಯೆಜ್ಡೀಲಿ ಹುಟ್ಟೋ ಕರೆಂಟು ಒಬ್ರ ಊಟದಷ್ಟು. ಎಡ್‌ಲೈಟಾರ ಉಣ್ಬೇಕು, ಕೋಟಾರ ಉಣ್ಬೇಕು. ಇಬ್ಬರನ್ನೂ ಪಂಕ್ತೀಲಿ ಕೂರಿಸ್ಬ್ಯಾಡ."

ಶುಕ್ರವಾರ ನಸುಕಿನಲ್ಲೇ ಮಿಂದು ಪೂಜೆ ಮುಗಿಸಿದ ಆಚಾರಿ, ಹೆಡ್‌ಲೈಟಿಲ್ಲದೆ ದಾರಿ ಕಾಣುವಷ್ಟು ಬೆಳಕಾಗಲೆಂದು ಬಾಗಿಲಲ್ಲಿ ಶತಪಥ ತಿರುಗಿದ. ಆರೂವರೆ ದಾಟಿದ ಮೇಲೆ ಕಿಕ್ ಹೊಡೆದು ಹೊರಟ. ಊರು ದಾಟಿ ಸ್ವಿಚ್ಚು ಒತ್ತಿದ. ಮೊದಲು ಏನೂ ಇಲ್ಲ. ಆಮೇಲೆ ಬೆನ್ನಿನ ಮೇಲೆ ಯಾರೋ ಬೆಚ್ಚಗಿನ ಅಂಗೈ ಇಟ್ಟಂತಾಯಿತು. ರಾಗಿ ಕೊಯ್ದ ಹೊಲಗಳ ಮೇಲೆ ಮಂಜು ಬಿದ್ದಿತ್ತು, ಬೇಲಿಯ ಪಕ್ಕ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಆಚಾರಿಗೆ ಅವುಗಳ ಮೇಲೆ ಕನಿಕರ ಬಂತು. ಐವತ್ತು ವರ್ಷದಲ್ಲಿ ಮೊದಲ ಸಲ ಅವನು ಮಾಘದ ಬೆಳಗಿನಲ್ಲಿ ಶಿಳ್ಳೆ ಹಾಕಿದ. ಇಷ್ಟು ಸುಖವಾಗಿ ಇರಬಹುದೆಂದು ಗೊತ್ತಿದ್ದರೆ ಬೆಳ್ಳಿ ಹಾಳುಮಾಡುವ ಮೊದಲೇ ಆ ಪುಟ್ಟಸ್ವಾಮಿಯ ಮಾತು ಕೇಳುತ್ತಿದ್ದೆನಲ್ಲ ಎಂದುಕೊಂಡ.

ಚಿಕ್ಕಬೋರಮ್ಮನ ಮನೆಯ ಮುಂದೆ ಬೈಕು ನಿಲ್ಲಿಸಿ, ಸಿಕ್ಕಿಸಿದ್ದ ವೈರು ಕಿತ್ತು, ಕೈಗವಸು ತೆಗೆದ. ಬೆರಳು ಮಡಿಸಿದ, ಬಿಡಿಸಿದ. ಹತ್ತೂ ಹೇಳಿದ ಮಾತು ಕೇಳುತ್ತಿದ್ದವು.

ಬೆಳಕಿಗೆಂದು ಜಗಲಿಯ ಮೇಲೆಯೇ ಪೂರ್ವಕ್ಕೆ ಮುಖಮಾಡಿ ಮಣೆ ಹಾಕಿದ್ದರು. ಸೋದರಮಾವನ ತೊಡೆಯ ಮೇಲೆ ಅಡ್ಡಲಾಗಿ ಚಿನ್ನು. ಮಗುವಿನ ಬೆನ್ನ ಹಿಂದೆ ಕೂತು ತಲೆ ಹಿಡಿಯುವುದು ಅಜ್ಜಿಯ ಕೆಲಸ, ಅದನ್ನು ಚಿಕ್ಕಬೋರಮ್ಮ ಯಾರಿಗೂ ಬಿಡುವವಳಲ್ಲ. ತಣ್ಣೀರಲ್ಲಿ ತಲೆಗೆ ಮಿಂದು, ತೆಳ್ಳನೆಯ ನೂಲಿನ ಸೀರೆಯುಟ್ಟು ಕೂತಿದ್ದಳು. ಸೊಸೆ ಶಾಲು ತಂದರೆ, "ಸುಬಕಾರ್ಯದಲ್ಲಿ ಮುಸುಕಾಕ್ಕೊಂಡ್ ಕೂತ್ಕೊಳ್ಳಾ?" ಎಂದು ಗದರಿಸಿ ಕಳಿಸಿದ್ದಳು.

ಆಚಾರಿ ಕಿವಿಯ ಹಾಲೆಗೆ ಗುರುತು ಇಟ್ಟ. ಎಡಗೈಯಲ್ಲಿ ಕಿವಿ ಹಿಡಿದು, ಬಲಗೈಯಲ್ಲಿ ಚೂಪು ತುದಿಯ ಚಿನ್ನದ ತಂತಿಯನ್ನು ಹತ್ತಿರ ತಂದ. ಗುರುತು ಅಲುಗಿತು. ತಡೆದ. ಮತ್ತೆ ತಂದ, ಮತ್ತೆ ಅಲುಗಿತು. ಅವನು ತನ್ನ ಕೈ ನೋಡಿಕೊಂಡ. ತಂತಿಯ ತುದಿ ನೆಟ್ಟ ಗೂಟದಂತೆ ನಿಂತಿತ್ತು. ನಡುಗುತ್ತಿದ್ದುದು ಮಗುವಿನ ತಲೆ. ತಲೆಯನ್ನು ಹಿಡಿದಿದ್ದ ಎರಡು ಮುದಿ ಕೈಗಳು ಸಣ್ಣಗೆ, ಬಿಡದೆ ನಡುಗುತ್ತಿದ್ದವು.

ಅವತ್ತೂ ತಲೆ ಹಿಡಿದಿದ್ದವು ಇದೇ ಕೈಗಳು. ಅಂದು ತನ್ನ ಬೆರಳು ಸತ್ತುಹೋಗಿದ್ದರಿಂದ ಅವನಿಗೆ ಅದು ತಿಳಿಯಲೇ ಇಲ್ಲ. ಎರಡು ವರ್ಷ ಹೊತ್ತುಕೊಂಡಿದ್ದ ಕುಡುಕನೆಂಬ ಮಾತು ಒಮ್ಮೆಲೇ ಗಂಟಲಿಗೆ ಬಂತು. ನೆಂಟರೆಲ್ಲ ಸುತ್ತ ನಿಂತಿದ್ದರು. ಒಂದು ಮಾತು ಆಡಿದ್ದರೆ ಸಾಕಿತ್ತು, ಆಡುವ ಆಸೆಯೂ ಆಯಿತು. ಚಿಕ್ಕಬೋರಮ್ಮ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು. ಆ ಕಣ್ಣಿನಲ್ಲಿ ಎಂದಿನ ಜೋರು ಇರಲಿಲ್ಲ, ಹೆದರಿಕೆಯಿತ್ತು.

"ಮಗೀಗೆ ಚಳಿ ಅವ್ವಾ," ಎಂದ ಆಚಾರಿ. "ಇದ ನೀವು ಹಾಕ್ಕಂಡು, ಮಗೀನ ಎದೆಗೊರಗಿಸ್ಕೊಳಿ."

ಕೋಟು ಬಿಚ್ಚಿ, ಸೊಸೆಯ ಶಾಲನ್ನು ಒಳಗೆ ಸುತ್ತಿಸಿ, ಅವಳಿಗೆ ತೊಡಿಸಿದ. ಬೈಕನ್ನು ಜಗಲಿಯ ಪಕ್ಕಕ್ಕೆ ತಂದು, ವೈರು ಸಿಕ್ಕಿಸಿ, ಸ್ಟಾರ್ಟ್ ಮಾಡಿದ. ಮಗುವಿನ ಅಪ್ಪ ತಿಮ್ಮರಾಜು ಆಕ್ಸಿಲರೇಟರ್ ಹಿಡಿದು ನಿಂತ. "ಅತ್ತೇನ ಚಾರ್ಜಿಗಾಕವ್ರೆ ನೋಡ್ರೀ," ಎಂದು ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಚಿಕ್ಕಬೋರಮ್ಮ ಅತ್ತ ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಹೆಗಲು ಸಡಿಲವಾಯಿತು. ಚಿನ್ನು ಅಜ್ಜಿಯ ಎದೆಗೊರಗಿ, ಬಾಯಿ ತೆರೆದು, ಬೈಕಿನ ಸದ್ದನ್ನೇ ಕೇಳುತ್ತ ಕೂತಳು. ಆಚಾರಿ ಎಡಗಿವಿ ಚುಚ್ಚಿ ತಂತಿ ಸುತ್ತಿದ. ಮಗು ಕಿರುಚುವಷ್ಟರಲ್ಲಿ ಬಲಗಿವಿಯೂ ಮುಗಿದಿತ್ತು. ಎರಡೂ ಸರಿಸಮ.

ನೆರೆಮನೆಯ ಬೈರಮ್ಮ ಸೋಬಾನೆ ಎತ್ತಿದಳು, ಬೆಲ್ಲ ಹಂಚಿದರು. ಆಚಾರಿ ಕೈ ತೊಳೆಯಲು ಏಳುತ್ತಿದ್ದ.

"ವಸಿ ಕೂತ್ಕೊ ಆಚಾರಿ," ಎಂದಳು ಚಿಕ್ಕಬೋರಮ್ಮ. ಕೋಟು ಬಿಚ್ಚಿರಲಿಲ್ಲ. "ತಿಮ್ಮರಾಜು, ಗಾಡಿ ಆರಿಸ್ಬ್ಯಾಡ ಕಣ್ಲಾ." ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದ ಹೇಮಶ್ರೀಯನ್ನು ಎಳೆದು ತಂದು ಸೋದರಮಾವನ ತೊಡೆಯ ಮೇಲೆ ಕೂರಿಸಿದಳು. ಬಲಗಿವಿಯ ಮೇಲಿನ ಕೂದಲು ಸರಿಸಿದಳು.

"ಮೂರ್ತ ಇನ್ನೂ ಕಾಲ್ಗಂಟೆ ಐತೆ. ಇವಳ್ದೂ ವಸಿ ಮ್ಯಾಲಕ್ಕೆ ಚುಚ್ಚಿ ಸರಿ ಮಾಡ್ಬುಡಪ್ಪ," ಎಂದಳು. ಸುತ್ತ ನಿಂತವರಿಗೆಲ್ಲ ಕೇಳಲೆಂದು ಬೈಕಿನ ಸದ್ದಿಗಿಂತ ಜೋರಾಗಿಯೇ ಹೇಳಿದಳು. "ಅವತ್ತು ನಡುಗಿದ್ದು ನನ್ ಕೈಯಿ. ನಂಗೊತ್ತಿತ್ತು."

ಆಚಾರಿ ಹೇಮಶ್ರೀಯ ಕಿವಿಯಲ್ಲಿದ್ದ ಓರೆ ವಾಲೆಯನ್ನು ಮೆಲ್ಲಗೆ ಬಿಚ್ಚಿ ಅಜ್ಜಿಯ ಅಂಗೈಗೆ ಹಾಕಿದ. ಆ ಅಂಗೈ ಬೆಚ್ಚಗಿತ್ತು.