ಬೆಟ್ಟಮ್ಮ ಕುಡಿದ ಹೊಗೆ

2008ರ ಮಳೆಗಾಲ. ಹರದನಹಳ್ಳಿಯಲ್ಲಿ ಯಾರ ಮನೆಯ ಸೌದೆಯೂ ಒಣಗಿರಲಿಲ್ಲ. ಚನ್ನಪ್ಪನ ಹೆಂಡತಿ ಬೆಟ್ಟಮ್ಮ ಒಲೆ ಊದಿ ಊದಿ ಸಾಕಾಗಿ, ಕೆಮ್ಮುತ್ತ ಹಿತ್ತಲ ಬಾಗಿಲಿಗೆ ಬಂದು ಕೂರುತ್ತಿದ್ದಳು. ಮನೆಯಲ್ಲಿ ಯಾರೂ ಅದನ್ನು ಕಾಯಿಲೆ ಎಂದುಕೊಂಡಿರಲಿಲ್ಲ.

ಪಕ್ಕದ ಮನೆಯ ಪಾರ್ವತಮ್ಮ ಮಹಿಳಾ ಸಂಘದವರು. ಅವರ ಮನೆಯಲ್ಲಿ ಆಗಲೇ ಗೋಬರ್ ಗ್ಯಾಸ್ ಒಲೆ ಉರಿಯುತ್ತಿತ್ತು.

“ಚನ್ನಪ್ಪ, ಕೊಟ್ಟಿಗೆ ತುಂಬ ದನ ಅವೆ. ನೀನೂ ಗ್ಯಾಸ್ ಗುಂಡಿ ಕಟ್ಸು. ಸರ್ಕಾರದ ಸಹಾಯಧನ ಬತ್ತದೆ.”

“ಬ್ಯಾಡ ಕಣಕ್ಕ. ನಮ್ಮಣ್ಣ ಕಟ್ಸಿದ್ದು ಏನಾಯ್ತು? ಕೆಟ್ಟು ಕೂತದೆ.”

“ನಿಮ್ಮಣ್ಣ ದನ ಮಾರ್ಬುಟ್ಟ. ಸಗಣಿ ಆಕ್ದೆ ಗ್ಯಾಸ್ ಎಲ್ಲಿಂದ ಬಂದದು?”

ಚನ್ನಪ್ಪ ನಕ್ಕು ಕೊಟ್ಟಿಗೆಯ ಕಡೆ ಹೊರಟ.

ಒಂದು ಸಂಜೆ ಬೆಟ್ಟಮ್ಮನಿಗೆ ಉಸಿರೇ ಎಳೆಯಲಾಗಲಿಲ್ಲ. ತುಟಿ ನೀಲಿಗಟ್ಟಿತು. ಜೀಪು ಮಾಡಿಕೊಂಡು ಹಾಸನದ ಆಸ್ಪತ್ರೆಗೆ ಸೇರಿಸಿದರು. ಪರೀಕ್ಷೆ ಮಾಡಿದ ಡಾಕ್ಟರು, “ಇವರು ಬೀಡಿ ಸೇದ್ತಾರಾ?” ಎಂದರು.

ಚನ್ನಪ್ಪನಿಗೆ ಸಿಟ್ಟು ಬಂತು. “ನಮ್ಮನೆ ಎಂಗಸ್ರು ಅಂಥೋರಲ್ಲ ಸಾ!”

“ಹಾಗಾದ್ರೆ ಇದು ಒಲೆಯ ಹೊಗೆ ಕಣಪ್ಪ. ಹಾಳಾದ ಶ್ವಾಸಕೋಶ ಮತ್ತೆ ಮೊದಲಿನ ಹಾಗಾಗಲ್ಲ. ಉಳಿದಿರೋದನ್ನ ಕಾಪಾಡ್ಕೊಳ್ಳಿ.”

ಬಟ್ಟೆಬರೆ ಒಯ್ಯಲು ಚನ್ನಪ್ಪ ಊರಿಗೆ ಬಂದ. ಅಂಗಳದಲ್ಲಿ ಕಾಲು ತೊಳೆಯುವಾಗ ಒಳಗಿನಿಂದ ಕೆಮ್ಮು ಕೇಳಿಸಿತು. ಅದೇ ಕೆಮ್ಮು. ಅವನು ಚೊಂಬು ಅಲ್ಲೇ ಬಿಟ್ಟ. ಬೆಟ್ಟಮ್ಮ ಹಾಸನದಲ್ಲಿದ್ದಾಳಲ್ಲ! ಒಳಗೆ ಹೋಗಿ ನೋಡಿದರೆ, ಮಗಳು ಸಿಂಧು ಶಾಲೆಗೂ ಹೋಗದೆ ಅಮ್ಮನ ಮಣೆಯ ಮೇಲೆ ಕೂತು ಒಲೆ ಊದುತ್ತಿದ್ದಳು.

“ಏಳವ್ವ, ಆಚೆಗ್ ನಡಿ,” ಎಂದು ತಾನೇ ಕೂತ. ಮುದ್ದೆಯ ಎಸರು ಕುದಿಯುವ ಮೊದಲೇ ಕಣ್ಣು ಬಿಡಲಾಗದೆ ಎದ್ದು ಬಂದ. ಇಷ್ಟು ವರ್ಷವೂ ಬೆಟ್ಟಮ್ಮ ಇಲ್ಲೇ ಕೂತು ಬೇಯಿಸಿ ಬಡಿಸಿದ್ದಳು. ಚನ್ನಪ್ಪ ಜಗಲಿಯ ಮೇಲೆ ಕೂತು ಅತ್ತುಬಿಟ್ಟ.

ಪಾರ್ವತಮ್ಮ ಬಂದು ಪಕ್ಕದಲ್ಲಿ ಕೂತರು. ಕಣ್ಣೊರೆಸಿಕೊಂಡು ಅವನೇ ಕೇಳಿದ: “ಅಕ್ಕ, ನಾನೂ ಗ್ಯಾಸ್ ಗುಂಡಿ ಕಟ್ಸ್ತೀನಿ. ಆದ್ರೆ ನಮ್ಮೊಲೆಗೆ ಸರ್ಕಾರ ಯಾಕೆ ದುಡ್ಡಾಕ್ತದೆ?”

“ಬೆಟ್ಟಮ್ಮನ ಎದೆಗೆ ಇಳ್ದ ಹೊಗೆ ಆಕಾಸಕ್ಕೂ ಓಯ್ತದೆ ಕಣಪ್ಪ. ತಿಪ್ಪೇಲಿ ಕೊಳಿಯೋ ಸಗಣಿ ಗ್ಯಾಸೂ ಗಾಳಿಗೆ ಸೇರ್ತದೆ. ಭೂಮಿ ಬಿಸಿಯಾಯ್ತದೆ, ಮಳೆ ದಾರಿ ತಪ್ತದೆ. ಅದ್ಕೇ ಈ ವರ್ಸ ದೇಶವೇ ಹವಾಮಾನಕ್ಕೆ ಅಂತ ಒಂದು ಯೋಜನೆ ಮಾಡ್ಯದೆ. ಬಿಸ್ಲು, ಗಾಳಿ, ಸಗಣಿ, ಇಂಥ ಬರಿದಾಗ್ದೆ ಇರೋ ಶಕ್ತಿ ಬೆಳೀಬೇಕು. ನಮ್ದು ಇನ್ನೂ ಮ್ಯಾಲಕ್ಕೆ ಬತ್ತಾ ಇರೋ ದೇಶ. ಇರೋ ದುಡ್ಡ ಮಕ್ಳ ಕಾಲಕ್ಕೂ ಉಳಿಯೋದಕ್ಕೆ ಆಕ್ಬೇಕಲ್ವಾ? ಆ ದುಡ್ಡು ಮಣ್ಣಾಗ್ದಂಗೆ ಗುಂಡಿ ನಡೆಸೋದು ನಮ್ ಕೆಲ್ಸ.”

“ದಿನಾ ಸಗಣಿ ಕಲಸಿ ಆಕೋದು ನನ್ ಪಾಲು,” ಎಂದ ಚನ್ನಪ್ಪ.

ದೀಪಾವಳಿಯ ಹೊತ್ತಿಗೆ ಅವರ ಮನೆಯಲ್ಲೂ ನೀಲಿ ಉರಿ ಹತ್ತಿತು. ಗುಂಡಿಯಿಂದ ಬಂದ ಸಗಣಿ ಬಗ್ಗಡ ಹೊಲಕ್ಕೆ ಗೊಬ್ಬರವಾಯಿತು. ಸಿಂಧು ಶಾಲೆಗೆ ಹೊರಟಳು. ಆಸ್ಪತ್ರೆಯಿಂದ ಬಂದ ಬೆಟ್ಟಮ್ಮ ಮಾತ್ರ ಈಗಲೂ ಒಂದು ಬಿಂದಿಗೆ ನೀರು ಎತ್ತಿದರೆ ಏದುಸಿರು ಬಿಡುತ್ತಾಳೆ.

“ಮೊದ್ಲೇ ಕಟ್ಸಿದ್ರೆ?” ಎಂದು ಅವಳು ಒಮ್ಮೆ ಕೇಳಿದಳು. ಚನ್ನಪ್ಪ ಅವಳ ಕೈಯಿಂದ ಬಿಂದಿಗೆ ತೆಗೆದುಕೊಂಡ.

ಅಣ್ಣಂದಿರೇ, ಅಕ್ಕಂದಿರೇ, ಇವತ್ತು ನಿಮ್ಮ ಮನೆಯ ಒಲೆಯ ಮುಂದೆ ನೀವೇ ಸ್ವಲ್ಪ ಹೊತ್ತು ಕೂತು ನೋಡಿ. ದನವಿದ್ದವರು ಗೋಬರ್ ಗ್ಯಾಸಿನ ಬಗ್ಗೆ ಪಂಚಾಯಿತಿಯಲ್ಲಿ ವಿಚಾರಿಸಿ. ದನವಿಲ್ಲದವರು ಹೊಗೆ ಕೊಳವೆಯ ಒಲೆಯನ್ನಾದರೂ ಹಾಕಿಸಿ. ಅಡಿಗೆಮನೆಯಲ್ಲಿ ಕೆಮ್ಮುತ್ತಿರುವವರು ನಿಮ್ಮವರೇ. ಅವರ ಉಸಿರು ಇರುವಾಗಲೇ ಎದ್ದು ಹೊರಡಿ.