ಎಡಗೈಯೋ ಬಲಗೈಯೋ

ಅಕ್ಬರಸಾಬನ ಸಿನೆಮಾ ತಂಬು ಅಕ್ಕಿಆಲೂರಿಗೆ ಬಂತೆಂದರೆ ಅಕ್ಕಿ ವ್ಯಾಪಾರಿ ಕರಿಬಸಪ್ಪನ ಕಾಲು ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಕತ್ತಿಕಾಳಗದ ಸಿನೆಮಾ. ಕುದುರೆ ಓಡಬೇಕು, ಕೋಟೆ ಉರಿಯಬೇಕು, ಮಾತು ಕಡಿಮೆ ಇರಬೇಕು. ಹೆಂಡತಿ ಶಿವಬಸವ್ವನಿಗೋ ಶರಣರ ಕಥೆ. ನಾಲ್ಕು ಸಲ ಸೆರಗಿನಿಂದ ಕಣ್ಣೊರೆಸಿಕೊಳ್ಳದಿದ್ದರೆ ಅವಳ ಪಾಲಿಗೆ ಅದು ಸಿನೆಮಾವೇ ಅಲ್ಲ.

ನಲವತ್ಮೂರರ ಆ ಚಳಿಗಾಲದಲ್ಲಿ ಮಾತ್ರ ಕರಿಬಸಪ್ಪ ತಾನಾಗಿಯೇ ಶರಣರ ಸಿನೆಮಾಕ್ಕೆ ಹೊರಟ. ಮಗಳು ಸರೋಜವ್ವನನ್ನು ನೋಡಲು ಹಂಸಭಾವಿಯಿಂದ ಹುಡುಗನ ತಂದೆ ಉಳವಪ್ಪ, ತಾಯಿ ವೀರವ್ವ ಬಂದಿದ್ದರು. ವೀರವ್ವ ಮಹಾ ನಿಷ್ಠಾವಂತೆ. ಅವಳು ಹೂಂ ಎಂದರೆ ಮರುದಿನವೇ ಹುಡುಗಿಗೆ ಉಡಿ ತುಂಬಿ ಸಂಬಂಧ ಗಟ್ಟಿ ಮಾಡುವುದೆಂದು ಮಾತಾಗಿತ್ತು. ಇಂಥ ಮನೆತನ ಕೈಬಿಟ್ಟರೆ ಮತ್ತೆ ಸಿಕ್ಕೀತೇ ಎಂದು ಕರಿಬಸಪ್ಪ ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ತಂಬಿನ ನಟ್ಟನಡುವೆ ಪರದೆ. ಯಂತ್ರವಿದ್ದ ಕಡೆ ಗಂಡಸರು, ಪರದೆಯ ಆಚೆ ಬದಿಗೆ ಹೆಂಗಸರು. ತೆಳು ಬಟ್ಟೆಗೆ ನೀರು ಚಿಮುಕಿಸಿದರೆ ಚಿತ್ರ ಎರಡೂ ಬದಿಗೆ ಮೂಡುತ್ತಿತ್ತು. ಮರ್ಯಾದೆ ಉಳಿಯುತ್ತಿತ್ತು, ಟಿಕೀಟೂ ಹೆಚ್ಚು ಹೋಗುತ್ತಿದ್ದವು. ಊರಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡವರಿಲ್ಲ.

ಆಟ ಮುಗಿದು ಊಟಕ್ಕೆ ಕುಳಿತಾಗ ವೀರವ್ವ ರೊಟ್ಟಿ ಮುರಿಯದೆ ಹೇಳಿದಳು.

"ಎಲ್ಲಾ ಚಲೋ ಇತ್ರಿ. ಆದ್ರ ಆ ಶರಣ ಲಿಂಗಾನ ಬಲಗೈಯಾಗ ಇಟಗೊಂಡು ಎಡಗೈಲೆ ಪತ್ರಿ ಏರಿಸಿದ. ಹಂಗ ಯಾರರ ಪೂಜಾ ಮಾಡ್ತಾರೇನ್ರಿ?"

"ಇಲ್ರಿ, ಎಡಗೈಯಾಗ ಇತ್ತು. ನಾ ಕಣ್ಣಾರೆ ನೋಡೇನಿ," ಎಂದ ಕರಿಬಸಪ್ಪ. ಉಳವಪ್ಪನೂ ತಲೆಯಾಡಿಸಿದ.

"ನಾವು ಅಷ್ಟೂ ಹೆಂಗಸರು ಬಲಗೈ ಅನ್ನಾಕತ್ತೇವಿ," ಎಂದಳು ವೀರವ್ವ. " ಕಣ್ಣಾರೆ ಯಾರು ನೋಡ್ಯಾರೋ ಶಿವನ ಬಲ್ಲ. ಪರದೆ ಆಚೆ ಒಬ್ರು ಗೊರಕಿ ಹೊಡಿಯೂದು ನಮಗೂ ಕೇಳ್ತು, ಸಾವ್ಕಾರ್ರ."

ಕರಿಬಸಪ್ಪನ ಕಿವಿ ಕೆಂಪಾಯಿತು. ನಿದ್ದೆ ಹೋದದ್ದು ನಿಜ. ಆದರೆ ಪೂಜೆಯ ಗಂಟೆಗೆ ಎಚ್ಚರಾಗಿ ನೋಡಿದ್ದೂ ನಿಜ. ಅರ್ಧ ಸತ್ಯವನ್ನು ಬೀಗತಿಯಾಗುವವಳ ಮುಂದೆ ಹೇಳುವುದು ಹೇಗೆಂದು ತಿಳಿಯದೆ ನೀರಿನ ತಂಬಿಗೆಗೆ ಕೈ ಹಾಕಿದ. ಸರೋಜವ್ವ ಬಾಗಿಲ ಮರೆಯಿಂದ, "ಅಪ್ಪಾ, ಪರದೆ ಮ್ಯಾಲಿನ ಅಕ್ಷರಾನೂ ನಮಗ ಓದಾಕ ಬರ್ಲಿಲ್ಲ," ಎಂದಳು. "ಏಳನೇ ಇಯತ್ತೆ ಪಾಸಾಗಿ ಅಕ್ಷರ ಮರತಿಯೇನ?" ಎಂದು ನಕ್ಕು ಅವಳ ಬಾಯಿ ಮುಚ್ಚಿಸಿದ.

ವೀರವ್ವ ಕೈ ತೊಳೆದು ಎದ್ದಳು. "ಲಿಂಗ ಯಾವ ಕೈಯಾಗ ಇರ್ತೈತಿ ಅನ್ನೂದ್ರಾಗ ಸುಳ್ಳು ಹೇಳೋ ಮನಿಯಿಂದ ಹೆಣ್ಣು ತರೂದು ಹ್ಯಾಂಗ್ರಿ? ಉಡಿ ನಾಳೆ ತುಂಬೂದು ಬ್ಯಾಡ."

ಬೆಳಗಾಗುವುದರೊಳಗೆ ಊರು ಎರಡು ಹೋಳಾಗಿತ್ತು. ಗಂಡಸರೆಲ್ಲ ಎಡಗೈ, ಹೆಂಗಸರೆಲ್ಲ ಬಲಗೈ. ಅಕ್ಬರಸಾಬನನ್ನು ಕೇಳಿದರೆ, "ಯಂತ್ರ ತಿರುವೂದು ನನ್ನ ಕೆಲಸರಿ. ಲಿಂಗದ ವಿಚಾರ ನಿಮಗ ಗೊತ್ತು. ಇನ್ನೊಮ್ಮೆ ನೋಡ್ರಿ," ಎಂದ. ಆ ಮನುಷ್ಯ ದಡ್ಡನಲ್ಲ. ಅಂದಿನ ಸಂಜೆಯ ಆಟಕ್ಕೆ ತಂಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಬಾಗಿಲಲ್ಲಿ ವೀರವ್ವ ನಿಂತುಬಿಟ್ಟಳು. "ಇವತ್ತ ನಾವು ನಿಮ್ಮ ಜಾಗಾದಾಗ ಕುಂದ್ರತೇವಿ. ನೀವು ನಮ್ಮ ಜಾಗಾಕ್ಕ ಹೋಗ್ರಿ. ಅಲ್ಲಿ ನಿದ್ದಿ ಬರೂದಿಲ್ಲ, ಸೊಳ್ಳಿ ಭಾಳ."

ಗಂಡಸರು ಗೊಣಗಿದರು, ಆದರೆ ಹೋದರು. ಕರಿಬಸಪ್ಪ ಈ ಸಲ ರೆಪ್ಪೆ ಮಿಟುಕಿಸಲಿಲ್ಲ. ಪೂಜೆಯ ಗಂಟೆ ಮೊಳಗಿತು. ಶರಣ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡ. ಬಲಗೈ. ಕರಿಬಸಪ್ಪ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಬಲಗೈಯೇ. ಇನ್ನು ವೀರವ್ವನ ಎದುರು ತಪ್ಪೊಪ್ಪಿಕೊಳ್ಳದೆ ಗತಿಯಿಲ್ಲ.

ಹೊರಗೆ ಬಂದವನೇ ಕೈ ಮುಗಿದ. "ವೀರವ್ವನೋರ, ನಂದ ತಪ್ಪಾತ್ರಿ. ಬಲಗೈಯಾಗ ಐತಿ."

ವೀರವ್ವನೂ ಅದೇ ಹೊತ್ತಿಗೆ ಬಾಯಿ ತೆರೆದಿದ್ದಳು. "ತಪ್ಪು ನಂದರಿ, ಸಾವ್ಕಾರ್ರ. ಎಡಗೈ ಐತಿ."

ಇಬ್ಬರೂ ಮಿಕಮಿಕ ನೋಡಿದರು.

"ಅಲ್ರಿ, ಬಲಗೈ. ನಾ ಈಗ ನೋಡಿ ಬಂದೇನಿ."

"ಎಡಗೈರಿ. ಎಷ್ಟ ಸರ್ತಿ ಮಾತು ತಿರುಗಿಸ್ತೀರಿ?"

ಗಂಡಸರೆಲ್ಲ ಬಲಗೈ ಎಂದು ಕೂಗತೊಡಗಿದರು, ಹೆಂಗಸರೆಲ್ಲ ಎಡಗೈ ಎಂದು. ನಿನ್ನೆಯ ಜಗಳ ಅಷ್ಟೇ ಬಿಸಿಯಾಗಿತ್ತು, ಬಾಯಿ ಮಾತ್ರ ಬದಲಾಗಿದ್ದವು.

ಸರೋಜವ್ವ ತಾಯಿಯ ಹಿಂದಿನಿಂದ ಮೆಲ್ಲಗೆ ಮುಂದೆ ಬಂದಳು. "ಅಪ್ಪಾ, ಇವತ್ತ ನಿನಗ ಅಕ್ಷರ ಓದಾಕ ಬಂತೇನು?"

"ಇಲ್ಲವಾ. ಎಲ್ಲಾ ಉಲ್ಟಾ ಕಂಡ್ವು."

"ಅಕ್ಷರ ಉಲ್ಟಾ ಕಂಡ್ರ ಕೈನೂ ಉಲ್ಟಾನ ಕಾಣ್ತೈತಿ. ಅದು ಹಿಂದಿನ ಮಗ್ಗಲು. ನಿನ್ನೆ ಇದನ್ನ ಹೇಳಾಕ ಬಂದಿದ್ದೆ, ನೀ ನಕ್ಕಿ."

ಗದ್ದಲ ಅಡಗಿತು. ಅಕ್ಬರಸಾಬ ಮೆತ್ತಗೆ ತಂಬಿನೊಳಗೆ ಸರಿದುಕೊಂಡ. ಕರಿಬಸಪ್ಪನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಮಗಳ ಮೇಲೆ ಹೆಮ್ಮೆಯಾಯಿತು. ವೀರವ್ವ ಹುಡುಗಿಯ ಗದ್ದ ಹಿಡಿದು, "ನಿಮ್ಮಪ್ಪ ಸುಳ್ಳಗಾರ ಅಲ್ಲ ಬಿಡು. ಮಗಳ ಮಾತು ಕೇಳಾಂವನೂ ಅಲ್ಲ," ಎಂದಳು. ಮರುದಿನವೇ ಉಡಿ ತುಂಬಿದಳು.

ಹೆಂಗಸರು ಮಾತ್ರ ಯಂತ್ರದ ಕಡೆಯ ಜಾಗ ಬಿಟ್ಟುಕೊಡಲಿಲ್ಲ. ಮುಂದಿನ ವಾರ ಕತ್ತಿಕಾಳಗದ ಸಿನೆಮಾ ಬಂತು. ಕರಿಬಸಪ್ಪ ಸೊಳ್ಳೆ ಹೊಡೆಯುತ್ತ ಪರದೆಯ ಹಿಂದೆ ಕುಳಿತು ನೋಡಿ ಮನೆಗೆ ಬಂದ.

"ಹ್ಯಾಂಗಿತ್ತು?" ಎಂದಳು ಶಿವಬಸವ್ವ.

"ಚಲೋ ಇತ್ತು. ಆದ್ರ ಇಡೀ ದಂಡು ಕತ್ತೀನ ಎಡಗೈಯಾಗ ಹಿಡಿದಿತ್ತು. ಮಜಾ ಬರ್ಲಿಲ್ಲ."

"ಹೌದ? ನಾವು ಆರು ವರ್ಷ ಎಲ್ಲಾ ಉಲ್ಟಾನ ನೋಡಿ ಚಲೋ ಐತಿ ಅಂದೇವಿ," ಎಂದು ಅವಳು ರೊಟ್ಟಿ ಬಡಿಯಲು ಕುಳಿತಳು.