ಬದ್ರುನ್ನೀಸಾ ಅಕ್ಷರ

ಕೆಳಗಿನ ಫೈಲು ಸಿಗುತ್ತಿಲ್ಲವೆಂದು ಕಂಪ್ಯೂಟರಿನ ಕರಿ ಪರದೆ ಎರಡನೆಯ ಸಲವೂ ಹೇಳಿದಾಗ ಆಶಾರಾಣಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಬಷೀರ್ ಚಾಚಾ ಬೆನ್ನ ಹಿಂದೆ ನಿಂತಿದ್ದರು. ಶಿವಾಜಿನಗರದ ಆ ಸಣ್ಣ ಮದುವೆ ಕಾರ್ಡಿನ ಅಂಗಡಿ ಅವರದು.

ಚಾಚಾರ ಹೆಂಡತಿ ಬದ್ರುನ್ನೀಸಾ ಬದುಕಿದ್ದಾಗ ಬಿದಿರಿನ ಕಲಮಿನಲ್ಲಿ ಉರ್ದು ಅಕ್ಷರಗಳನ್ನು ಬರೆದು, ಒಂದೊಂದನ್ನೇ ಕಂಪ್ಯೂಟರಿಗೆ ಏರಿಸಿ, ಅಂಗಡಿಗೆಂದೇ ಒಂದು ಫಾಂಟು ಮಾಡಿದ್ದರು. ಬರೆದ ಕಾಗದಗಳು ಗೋದಾಮಿಗೆ ನೀರು ನುಗ್ಗಿದ ವರ್ಷ ಹಾಳಾದವು. ಅಕ್ಷರಗಳು ಉಳಿದದ್ದು ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ಅದೂ ಇಂದೋ ನಾಳೆಯೋ ಎಂಬಂತಾದಾಗ, ಮಗಳು ಇಕ್ರಾ ತನ್ನ ಆಫೀಸಿನ ಗೆಳತಿ ಆಶಾರಾಣಿಯನ್ನು ಕರೆತಂದಿದ್ದಳು. ಗದಗಿನ ಕಡೆಯ ಆ ಹುಡುಗಿ ಇಡೀ ಯಂತ್ರವನ್ನೇ ಒಂದು ಫೈಲಾಗಿ ನಕಲು ಮಾಡಿ, ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯದು ಓಡುವಂತೆ ಮಾಡಿಕೊಟ್ಟಿದ್ದಳು. ಮೂಲಕ್ಕೆ ಪೆಟ್ಟಾಗದಿರಲೆಂದು ಅದರ ಮೇಲೆ ಇನ್ನೊಂದು ಫೈಲನ್ನೂ ಹೊದಿಸಿದ್ದಳು. ಹೊಸದಾಗಿ ಮಾಡಿದ್ದೆಲ್ಲ ಮೇಲಿನದರಲ್ಲಿ ಸೇರುತ್ತಿತ್ತು. ಅಕ್ಷರಗಳು ಕೆಳಗಿನದರಲ್ಲಿ ಹಾಗೇ ಇದ್ದವು. ಈಗ ಆ ಕೆಳಗಿನದೇ ನಾಪತ್ತೆ. ಅಚ್ಚಾಗಬೇಕಿದ್ದದ್ದೋ, ಇಕ್ರಾಳದೇ ಮದುವೆ ಕಾರ್ಡು.

ಯಾವ ಅಕ್ಷರವಾದರೇನು, ಮದುವೆಯಾಗುವುದು ನಾನು ತಾನೇ ಎಂದು ಇಕ್ರಾ ಬೆಳಗಿನಿಂದ ಹೇಳುತ್ತಲೇ ಇದ್ದಳು. ಹೇಳುವಾಗ ಮಾತ್ರ ಅಪ್ಪನ ಮುಖ ನೋಡುತ್ತಿರಲಿಲ್ಲ.

ಆಶಾರಾಣಿಗೆ ಗಾಬರಿಗಿಂತ ಕುತೂಹಲ ಒಂದು ಕೈ ಹೆಚ್ಚು. ಮೌಸನ್ನು ಪಕ್ಕಕ್ಕೆ ತಳ್ಳಿ, ಕರಿ ಪರದೆಯ ಮೇಲೆ ಒಂದು ಸಾಲು ಹೊಡೆದು ಮೇಲಿನ ಫೈಲನ್ನೇ ವಿಚಾರಿಸಿದಳು: ನಿನ್ನ ಕೆಳಗೆ ಇರಬೇಕಾದವರು ಯಾರು? ‘ದುಕಾನ್’ ಎಂಬ ಹೆಸರು ಬಂತು. ಅಂಗಡಿ ಎಂಬ ಅರ್ಥದಲ್ಲಿ ಅವಳೇ ಇಟ್ಟ ಹೆಸರು. ಆಮೇಲೆ ಫೋಲ್ಡರಿನಲ್ಲಿ ಏನೇನಿದೆ ತೋರಿಸು ಎಂದಳು. ದುಕಾನ್ ಇರಲಿಲ್ಲ. ಆದರೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ, ಅದರಷ್ಟೇ ತೂಕದ ಇನ್ನೊಂದು ಫೈಲು ಕೂತಿತ್ತು: ‘786-ದುಕಾನ್’.

ಆಶಾರಾಣಿ ತಲೆ ಎತ್ತಿ ಅಂಗಡಿಯನ್ನೊಮ್ಮೆ ನೋಡಿದಳು. ಶಾಯಿ ಡಬ್ಬಿ, ಕಾರ್ಡಿನ ಪೆಟ್ಟಿಗೆ, ಬಿಲ್ ಪುಸ್ತಕ, ಕಾಗದ ಕತ್ತರಿಸುವ ಯಂತ್ರದ ಹಣೆ, ಎಲ್ಲೆಲ್ಲೂ ಅದೇ 786. ಬಿಸ್ಮಿಲ್ಲಾದ ಬದಲಿಗೆ ಬರೆಯುವ ಅಂಕೆ. ಇಷ್ಟು ಸಲ ಬಂದುಹೋದರೂ ಅವಳ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅವಳಿಗೆ ನಗು ತಡೆಯಲಾಗಲಿಲ್ಲ.

“ಚಾಚಾ, ಈ ಫೈಲಿನ ಹೆಸರು ಯಾರರೆ ಬದ್ಲಿ ಮಾಡ್ಯಾರೇನ್ರಿ?”

“ನಾನೇ ಅಮ್ಮಾ,” ಎಂದರು ಬಷೀರ್. “ಮಗಳ ಕಾರ್ಡಲ್ವಾ, ಶುರು ಮಾಡೋಕ್ ಮುಂಚೆ ಹಾಕ್ಬಿಟ್ಟೆ. ಹಾಕ್ಬಾರ್ದಿತ್ತಾ?”

“ಹಂಗಾರ ಇನ್ನೊಂದಕ್ಕ ಯಾಕ ಹಾಕ್ಲಿಲ್ರಿ?”

“ಮೇಲ್ಗಡೆ, ತಲೇಲಿ ಒಂದೇ ಸಲ ಬರೆಯೋದಮ್ಮಾ. ಕಾರ್ಡಲ್ಲೂ ಹಾಗೇ.”

ಕೆಳಗಿನ ಫೈಲು ಎಲ್ಲಿಗೂ ಹೋಗಿರಲಿಲ್ಲ. ಮೇಲಿನದು ಹಳೆಯ ಹೆಸರು ಹಿಡಿದು ಹುಡುಕುತ್ತಿತ್ತು, ಅಷ್ಟೆ. ಅಂಕೆ ಕಿತ್ತುಹಾಕಿದರೆ ಕೆಲಸ ಮುಗಿಯಿತು. ಆಶಾರಾಣಿ ಅದಕ್ಕೆ ಬೇಕಾದ ಸಾಲನ್ನು ಹೊಡೆದೂ ಹೊಡೆದಳು. ಎಂಟರ್ ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ಪರದೆಯ ಗಾಜಿನಲ್ಲಿ ಚಾಚಾರ ಮುಖ ಕಂಡಿತು. ತಪ್ಪು ಮಾಡಿದ ಮಗುವಿನಂತೆ ಅವರು ಕೈಕಟ್ಟಿ ನಿಂತಿದ್ದರು.

ಬರೆದದ್ದನ್ನು ಅಳಿಸಿದಳು. ಮೊದಲು ಎರಡೂ ಫೈಲುಗಳ ನಕಲು ತೆಗೆದಿಟ್ಟಳು. ಆಮೇಲೆ, ನಿನ್ನ ಕೆಳಗಿನವರ ಹೆಸರು ಇನ್ನು ಮುಂದೆ ಇದು ಎಂದು ಮೇಲಿನ ಫೈಲಿಗೇ ತಿಳಿಸುವ ಉದ್ದನೆಯ ಸಾಲು ಬರೆದು, ಅಂಕೆಯನ್ನು ಎರಡೆರಡು ಸಲ ತಾಳೆ ನೋಡಿ, ಒತ್ತಿದಳು. ಪರದೆ ಈ ಸಲ ತಕರಾರು ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಹಳೆಯ ಕಂಪ್ಯೂಟರಿನ ಹಸಿರು ಗುಡ್ಡದ ಚಿತ್ರ ಕಾಣಿಸಿಕೊಂಡಿತು.

“ಕೂಡ್ರಿ ಚಾಚಾ. ಅದು ಹಂಗ ಇರ್ಲಿ,” ಎಂದು ಆಶಾರಾಣಿ ಕುರ್ಚಿ ಬಿಟ್ಟು ಎದ್ದಳು.

ಬಷೀರ್ ಕೂತರು. ಕಾರ್ಡಿನ ತಲೆಯಲ್ಲಿ ಒಂದೇ ಸಲ 786 ಹೊಡೆದರು. ಕೆಳಗೆ ಮಗಳ ಹೆಸರು, ತಮ್ಮ ಹೆಸರು. ಬಳಿಕ, ರೂಢಿಯಂತೆ, ತೀರಿಹೋದವರ ಹೆಸರಿಗೆ ಮೊದಲು ಹಾಕುವ ‘ಮರ್ಹೂಮಾ’. ಅದೂ ಬದ್ರುನ್ನೀಸಾ ಕೈಬರಹದಲ್ಲೇ ಪರದೆಯ ಮೇಲೆ ಮೂಡಿತು.

ಚಾಚಾರ ಬೆರಳು ನಿಂತಿತು. ಅವರು ಆ ಮಾತನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು. ಖಾಲಿಯಾದ ಜಾಗದಲ್ಲಿ ಹೆಂಡತಿಯ ಹೆಸರನ್ನಷ್ಟೇ ಬರೆದರು.

ಇಕ್ರಾ ಹತ್ತಿರ ಬಂದಳು. ಯಾವ ಅಕ್ಷರವಾದರೇನು ಎಂದು ಈಗ ಹೇಳಲಿಲ್ಲ. ಬಗ್ಗಿ, ಆ ಹೆಸರಿನ ಬಾಗುಗಳ ಮೇಲೆ ಬಲದಿಂದ ಎಡಕ್ಕೆ ಮೆಲ್ಲಗೆ ಬೆರಳಾಡಿಸಿದಳು.